ಕೆಳಗಿನ ದನಿಗೆ ಮೇಲಿನ ಕಿವಿ

ನಾಯಕತ್ವ ಮತ್ತು ತಂಡದ ಕೆಲಸದ ಬಗ್ಗೆ ವರ್ಷವಿಡೀ ಬರೆದ ಮೇಲೆ ಕೈಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ತಪ್ಪು ಮೊದಲು ಕಂಡದ್ದು ತಂಡದ ಅತಿ ಕಿರಿಯರಿಗಾದರೆ ಅವರು ಬಾಯಿ ಬಿಡುತ್ತಾರೆಯೇ? ಬಿಟ್ಟರೆ ಕೇಳುವವರಿದ್ದಾರೆಯೇ?

ಯಾವುದೇ ಕೆಲಸದಲ್ಲಿ ಎಡವಟ್ಟು ಮೊದಲು ಕಣ್ಣಿಗೆ ಬೀಳುವುದು ಮೇಲೆ ಕೂತವರಿಗಲ್ಲ. ಕಾಂಕ್ರೀಟಿನ ಹದ ಕೆಟ್ಟಿದೆಯೆಂದು ಮೊದಲು ತಿಳಿಯುವುದು ಅದನ್ನು ಸುರಿಯುವ ಗಾರೆ ಕೆಲಸದವರಿಗೆ. ರೋಗಿಗೆ ಹೋಗಬೇಕಾದ ಔಷಧ ಅದಲುಬದಲಾಗಿದೆ ಎಂಬ ಅನುಮಾನ ಮೊದಲು ಬರುವುದು ಸಿರಿಂಜ್ ಹಿಡಿದ ನರ್ಸ್‌ಗೆ. ಮದುವೆಯ ಎರಡನೇ ಪಂಕ್ತಿಗೆ ಅನ್ನ ಸಾಲದೆಂದು ಮೊದಲು ಗೊತ್ತಾಗುವುದು ಒಲೆಯ ಮುಂದಿರುವ ಅಡುಗೆಯವರಿಗೆ. ಬಾಗಿಲಲ್ಲಿ ನಿಂತು ನೆಂಟರನ್ನು ಬರಮಾಡಿಕೊಳ್ಳುತ್ತಿರುವ ಯಜಮಾನರಿಗೆ ಅದು ತಿಳಿಯುವ ಹೊತ್ತಿಗೆ ಎಲೆ ಹಾಕಿಯಾಗಿರುತ್ತದೆ.

ನಾಯಕತ್ವ, ತಂಡದ ಕೆಲಸ ಎಂಬ ಎರಡು ಸಂಗತಿಗಳ ಸುತ್ತ ಈ ಒಂದು ವರ್ಷ ಬರೆಯುತ್ತ ಬಂದೆ. ವಿಮಾನದ ಕಾಕ್‌ಪಿಟ್, ಆಪರೇಷನ್ ಥಿಯೇಟರ್, ರಾಕೆಟ್ ಉಡಾಯಿಸುವವರು, ಯಕ್ಷಗಾನ ಮೇಳ, ಕ್ರಿಕೆಟ್ ತಂಡ, ಹಳ್ಳಿಯ ಸ್ವಸಹಾಯ ಸಂಘ: ಒಂದಕ್ಕೊಂದು ಸಂಬಂಧವಿಲ್ಲದ ಲೋಕಗಳು. ಅವನ್ನೆಲ್ಲ ಈಗ ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದೇ ಮಾತು ಮತ್ತೆಮತ್ತೆ ಮೇಲೆ ಬರುತ್ತದೆ. ಧೈರ್ಯ, ದೂರದೃಷ್ಟಿ, ಮಾತುಗಾರಿಕೆ ಎಂದು ನಾಯಕರ ಗುಣಗಳನ್ನು ಎಣಿಸುವ ಪುಸ್ತಕಗಳಿಗೆ ಬರವಿಲ್ಲ. ಆದರೆ ಆ ಗುಣಗಳೆಲ್ಲ ತುಂಬಿ ತುಳುಕುತ್ತಿದ್ದವರ ತಂಡಗಳೂ ಮುಗ್ಗರಿಸಿವೆ. ಮುಗ್ಗರಿಸಿದ ಕಡೆಯಲ್ಲೆಲ್ಲ ನಡೆದದ್ದನ್ನು ಬಿಡಿಸಿ ನೋಡಿದರೆ, ಅಪಾಯ ಕಂಡವರೊಬ್ಬರು ಇದ್ದೇ ಇದ್ದರು. ಅವರ ಮಾತು ಮೇಲಕ್ಕೆ ಹತ್ತಲು ಮೆಟ್ಟಿಲಿರಲಿಲ್ಲ. ಆ ಮೆಟ್ಟಿಲು ಕಟ್ಟುವುದೇ ನಾಯಕರ ಮೊದಲ ಕೆಲಸ, ಉಳಿದದ್ದೆಲ್ಲ ಆಮೇಲಿನದು ಎಂದು ಈ ವರ್ಷದ ಬರವಣಿಗೆ ನನ್ನನ್ನು ಒಪ್ಪಿಸಿದೆ.

ಮೆಲ್ಲಗೆ ಕೇಳಿದ ಪ್ರಶ್ನೆ

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ರನ್‌ವೇ ಮೇಲೆ ದಟ್ಟ ಮಂಜು. ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇ ಮೇಲಿದ್ದವು, ಒಂದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಕೆಎಲ್‌ಎಂ ಕ್ಯಾಪ್ಟನ್ ಸಾಮಾನ್ಯರಲ್ಲ. 747 ಹಾರಿಸುವುದನ್ನು ಸಂಸ್ಥೆಯ ಪೈಲಟ್‌ಗಳಿಗೆ ಕಲಿಸುವ ಮುಖ್ಯ ಬೋಧಕರು. ಜಾಹೀರಾತುಗಳಲ್ಲಿ ಅವರದೇ ಚಿತ್ರ. ಹಾರಲು ಅಂತಿಮ ಅನುಮತಿ ಸಿಗುವ ಮೊದಲೇ ಅವರು ವಿಮಾನವನ್ನು ಓಡಿಸತೊಡಗಿದರು. ಹಿಂದಿನ ಸೀಟಿನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ರೇಡಿಯೊ ಮಾತು ಕೇಳಿ ಅನುಮಾನ ಬಂತು. ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಎಂಬರ್ಥದ ಪ್ರಶ್ನೆಯನ್ನು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. ಸತ್ತವರು 583 ಜನ. ವಿಮಾನಯಾನದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಅಪಘಾತ ಇವತ್ತಿಗೂ ಇಲ್ಲ.

ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂಬ ಗೊಂದಲದಲ್ಲಿ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿತು. ಕ್ಯಾಪ್ಟನ್ ಗಮನವೆಲ್ಲ ಚಕ್ರದ ಮೇಲೆ. ಇಂಧನ ಮುಗಿಯುತ್ತ ಬಂದದ್ದನ್ನು ಸಹೋದ್ಯೋಗಿಗಳು ಸೂಚ್ಯವಾಗಿ ಹೇಳಿದರೇ ಹೊರತು ಗಟ್ಟಿಯಾಗಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ನಿಲ್ದಾಣ ತಲುಪುವ ಮೊದಲೇ ನೆಲಕ್ಕೆ ಬಿತ್ತು. ಹತ್ತು ಮಂದಿ ತೀರಿಕೊಂಡರು.

ಈ ಎರಡೂ ಅಪಘಾತಗಳಲ್ಲಿ ಯಂತ್ರ ಕೈಕೊಟ್ಟದ್ದಕ್ಕಿಂತ ಮಾತು ಕೈಕೊಟ್ಟದ್ದೇ ಹೆಚ್ಚು. ಅದು ಅರ್ಥವಾದ ಮೇಲೆ 1979ರಲ್ಲಿ ನಾಸಾ ಒಂದು ಕಮ್ಮಟ ನಡೆಸಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಹೊಸ ಬಗೆಯ ತರಬೇತಿ ಶುರುಮಾಡಿತು. ಇವತ್ತು ಭಾರತವೂ ಸೇರಿ ಎಲ್ಲ ಕಡೆ ಪೈಲಟ್‌ಗಳಿಗೆ ಕಡ್ಡಾಯವಾಗಿರುವ ಆ ತರಬೇತಿಯ ತಿರುಳು ಸರಳ. ಕಿರಿಯರು ಅನುಮಾನವನ್ನು ನುಂಗಿಕೊಳ್ಳದೆ ಸ್ಪಷ್ಟವಾಗಿ ಹೇಳಬೇಕು. ಉತ್ತರ ಸಮಾಧಾನ ತರದಿದ್ದರೆ ಮತ್ತೆ ಹೇಳಬೇಕು. ಹಿರಿಯರು ಅದನ್ನು ಅವಮಾನ ಎಂದುಕೊಳ್ಳಬಾರದು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಅಂಶ. ಟೆನೆರಿಫ್‌ನ ಕ್ಯಾಪ್ಟನ್ ಅಸಮರ್ಥರಾಗಿದ್ದರೆ ಹಿಂದಿನ ಸೀಟಿನವರು ಇನ್ನೊಮ್ಮೆ ಕೇಳುತ್ತಿದ್ದರೇನೋ. ಅವರು ಅಷ್ಟು ಸಮರ್ಥರಾಗಿದ್ದದ್ದೇ ಉಳಿದವರ ಬಾಯಿ ಕಟ್ಟಿತು. ನಾಯಕರ ವರ್ಚಸ್ಸು ಹೆಚ್ಚಿದಷ್ಟೂ ಅವರಿಗೆ ಕೇಳಿಸುವ ಸತ್ಯ ಕಡಿಮೆಯಾಗುತ್ತ ಹೋಗುತ್ತದೆ. ದೊಡ್ಡವರಾದವರು ಈ ಅಪಾಯವನ್ನು ತಾವೇ ಅರಿತು, ತಮ್ಮ ದೊಡ್ಡತನವನ್ನು ದಾಟಿ ಬರುವ ದಾರಿಯನ್ನು ಕಿರಿಯರಿಗೆ ತಾವೇ ತೋರಿಸಿಕೊಡಬೇಕು.

ಕತ್ತರಿ ಹಿಡಿಯುವ ಮೊದಲು ಹೆಸರು

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪುಟದ ಪಟ್ಟಿ ತಂದಿತು. ವೈದ್ಯ ಅತುಲ್ ಗವಾಂಡೆ ಅದರ ಹಿಂದಿದ್ದ ಮುಖ್ಯರಲ್ಲೊಬ್ಬರು. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು: ಹೀಗೆ ಮೂರು ಕಡೆ ತಂಡವೆಲ್ಲ ಕೈ ನಿಲ್ಲಿಸಿ ಗಟ್ಟಿಯಾಗಿ ಮಾತಾಡಬೇಕು. ರೋಗಿ ಯಾರು, ಕೊಯ್ಯುವುದು ಎಲ್ಲಿ, ಆ್ಯಂಟಿಬಯೋಟಿಕ್ ಕೊಟ್ಟಾಯಿತೇ, ಬಳಸಿದ ಬಟ್ಟೆ ಮತ್ತು ಸೂಜಿಗಳ ಲೆಕ್ಕ ಸರಿಯಿದೆಯೇ?

ಈ ಪಟ್ಟಿಯಲ್ಲಿ ವೈದ್ಯಕೀಯವೇ ಅಲ್ಲದ ಒಂದು ಸಾಲಿದೆ. ಚರ್ಮ ಕೊಯ್ಯುವ ಮೊದಲು ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಮಾಸ್ಕ್, ಟೋಪಿ, ಹಸಿರು ನಿಲುವಂಗಿಯಲ್ಲಿ ಕಣ್ಣಷ್ಟೇ ಕಾಣುವ ಏಳೆಂಟು ಜನ. ಇವತ್ತಿನ ತಂಡ ನಾಳೆ ಇರುವುದಿಲ್ಲ. ಶಸ್ತ್ರವೈದ್ಯರ ಹೆಸರು ಎಲ್ಲರಿಗೂ ಗೊತ್ತು, ಬಾಗಿಲ ಬಳಿ ನಿಂತ ನರ್ಸ್ ಹೆಸರು ಯಾರಿಗೂ ಗೊತ್ತಿಲ್ಲ. ಆ ನರ್ಸ್ ಒಮ್ಮೆ ಬಾಯಿ ತೆರೆದು ತನ್ನ ಹೆಸರು ಹೇಳಿದರೆ, ಅರ್ಧ ಗಂಟೆಯ ನಂತರ ಬಟ್ಟೆಯ ಲೆಕ್ಕದಲ್ಲಿ ಒಂದು ಕಡಿಮೆ ಬಂದಾಗ ಇನ್ನೊಮ್ಮೆ ಬಾಯಿ ತೆರೆಯುವುದು ಅಷ್ಟು ಕಷ್ಟವಾಗುವುದಿಲ್ಲ. ಒಮ್ಮೆ ದನಿ ಕೇಳಿಸಿದವರು ಮತ್ತೆ ಕೇಳಿಸುತ್ತಾರೆ ಎಂಬ ತಿಳಿವಳಿಕೆ ಆ ಸಾಲಿನಲ್ಲಿದೆ.

ದಿಲ್ಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪ್ರಯೋಗಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ಆಮೇಲಿನ ಬೆಳವಣಿಗೆಯಿಂದಲೂ ಕಲಿಯುವುದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಇದೇ ಬಗೆಯ ಪಟ್ಟಿ ಜಾರಿಗೆ ಬಂತು. 2014ರಲ್ಲಿ ಲೆಕ್ಕ ಹಾಕಿದಾಗ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಸುತ್ತೋಲೆ ಹೊರಡಿಸಿದ ಮಾತ್ರಕ್ಕೆ ಕೊಠಡಿಯ ರೂಢಿ ಬದಲಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಟಿಕ್ ಹಾಕಿ ಫೈಲಿಗೆ ಸೇರಿಸುವ ಕಾಗದವಾದರೆ ಅದೊಂದು ಕೆಲಸ ಹೆಚ್ಚು, ಅಷ್ಟೆ. ಶಸ್ತ್ರವೈದ್ಯರು ನಿಜವಾಗಿ ಕೈ ನಿಲ್ಲಿಸಿ, ತಲೆಯೆತ್ತಿ, ನರ್ಸ್ ಹೆಸರನ್ನು ಕೇಳಿಸಿಕೊಂಡರೆ ಮಾತ್ರ ಆ ಸಾಲಿಗೆ ಜೀವ ಬರುತ್ತದೆ.

ಹೊಣೆ ಹೊತ್ತದ್ದರಿಂದ ಸಿಕ್ಕ ಸತ್ಯ

ನಮ್ಮಲ್ಲಿ ನಾಯಕತ್ವದ ಮಾತು ಬಂದರೆ ಸತೀಶ್ ಧವನ್ ಮತ್ತು ಅಬ್ದುಲ್ ಕಲಾಂ ಅವರ ಕಥೆ ಬಾರದೆ ಇರುವುದಿಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ 317 ಸೆಕೆಂಡುಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಇಸ್ರೊ ಅಧ್ಯಕ್ಷ ಧವನ್ ತಾವೇ ಕೂತು ಸೋಲಿನ ಹೊಣೆ ಹೊತ್ತರು, ತಮ್ಮ ತಂಡದ ಮೇಲೆ ನಂಬಿಕೆಯಿದೆ ಎಂದರು. 1980ರ ಜುಲೈ 18ರಂದು 35 ಕಿಲೊ ತೂಕದ ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಪತ್ರಿಕಾಗೋಷ್ಠಿ ನಡೆಸಲು ಯೋಜನಾ ನಿರ್ದೇಶಕ ಕಲಾಂ ಅವರನ್ನೇ ಕಳಿಸಿದರು. ಕಲಾಂ ಈ ಪ್ರಸಂಗವನ್ನು ದೇಶದುದ್ದಕ್ಕೂ ಹೇಳಿದರು. ಬೆಂಗಳೂರಿನ ಮಟ್ಟಿಗೆ ಇದು ಮನೆಯ ಕಥೆಯೂ ಹೌದು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಧವನ್ ಆ ಹುದ್ದೆ ಬಿಡದೆಯೇ 1972ರಲ್ಲಿ ಇಸ್ರೊ ಚುಕ್ಕಾಣಿ ಹಿಡಿದರು. ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಯೂರಿದ್ದು ಅವರಿಂದಾಗಿ.

ಈ ಕಥೆಯನ್ನು ನಾವು ದೊಡ್ಡ ಮನಸ್ಸಿನ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಅದರ ಇನ್ನರ್ಧ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1979ರ ಆ ಸೋತ ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಕಂಪ್ಯೂಟರ್ ತಡೆ ಹಾಕಿತ್ತು. ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಇತ್ತು. ಅದು ದೊಡ್ಡದಲ್ಲವೆಂದು ಪರಿಣತರು ಲೆಕ್ಕ ಹಾಕಿದರು, ಕಲಾಂ ತಡೆಯನ್ನು ಬದಿಗಿಟ್ಟು ಉಡಾಯಿಸಲು ತೀರ್ಮಾನಿಸಿದರು. ಎರಡನೇ ಹಂತದಲ್ಲಿ ರಾಕೆಟ್ ಹಿಡಿತ ತಪ್ಪಿತು. ನಿಯಂತ್ರಣಕ್ಕೆ ಬೇಕಿದ್ದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ನಂತರದ ಪರಿಶೀಲನಾ ಸಭೆಯಲ್ಲಿ, ಕೌಂಟ್‌ಡೌನ್ ವೇಳೆ ಕಂಡ ಆ ಸೋರಿಕೆಯನ್ನು ಸಣ್ಣದೆಂದು ಬಗೆದ ಹೊಣೆ ತಮ್ಮದು ಎಂದು ಕಲಾಂ ಎದ್ದು ನಿಂತು ಹೇಳಿದರು.

ಎದ್ದು ನಿಂತು ಹೀಗೆ ಹೇಳಲು ಅವರಿಗೆ ಧೈರ್ಯ ಬಂದದ್ದೆಲ್ಲಿಂದ? ಹೊರಗಿನ ಏಟನ್ನು ಧವನ್ ತಮ್ಮ ಬೆನ್ನ ಮೇಲೆ ತೆಗೆದುಕೊಂಡಿದ್ದರು. ಒಳಗಿದ್ದವರಿಗೆ ತಲೆ ಉಳಿಸಿಕೊಳ್ಳುವ ಚಿಂತೆ ಇರಲಿಲ್ಲ. ಏನು ನಡೆಯಿತೆಂದು ಇದ್ದದ್ದು ಇದ್ದಂತೆ ಹೇಳಬಹುದಿತ್ತು. ಕೋಟಿಗಟ್ಟಲೆ ಹಣ ಸಮುದ್ರ ಸೇರಿದಾಗ ಬಲಿಪಶುವನ್ನು ಹುಡುಕುವುದು ಸುಲಭ. ಹಾಗೆ ಹುಡುಕಿದ ದಿನದಿಂದ ಪ್ರತಿಯೊಬ್ಬರೂ ತಮ್ಮ ಟಿಪ್ಪಣಿಯನ್ನು ತಮ್ಮ ರಕ್ಷಣೆಗೆಂದು ಬರೆಯತೊಡಗುತ್ತಾರೆ, ಮತ್ತೆ ನಿಜವಾದ ಕಾರಣ ಸಿಗುವುದಿಲ್ಲ. ಧವನ್ ಹೊಣೆ ಹೊತ್ತದ್ದು ಸೌಜನ್ಯದ ಜೊತೆಗೆ ಎಂಜಿನಿಯರಿಂಗ್‌ನ ಅಗತ್ಯವೂ ಆಗಿತ್ತು. ಹನ್ನೊಂದು ತಿಂಗಳಲ್ಲಿ ರಾಕೆಟ್ ಮತ್ತೆ ಹಾರಿದ್ದು ಆ ನಿರ್ಭೀತಿಯ ಫಲ ಎಂದೇ ನಾನು ತಿಳಿಯುತ್ತೇನೆ.

ಇದೇ ರೂಢಿ ನಾಲ್ಕು ದಶಕಗಳ ನಂತರವೂ ಕೈ ಹಿಡಿಯಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ಬಲ ಕೊಟ್ಟದ್ದು, ನೌಕೆ ವೇಗವಾಗಿ ತಿರುಗಲು ತಂತ್ರಾಂಶ ಬಿಡದಿದ್ದದ್ದು, ಇಳಿಯುವ ಜಾಗ ತೀರ ಚಿಕ್ಕದಾಗಿದ್ದದ್ದು ಎಲ್ಲವನ್ನೂ ಇಸ್ರೊ ಬಿಡಿಸಿ ನೋಡಿತು. ಚಂದ್ರಯಾನ-3 ಹಾರುವ ಮುನ್ನ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಈ ಕಾರಣಗಳನ್ನು ಬಹಿರಂಗವಾಗಿ ವಿವರಿಸಿ, ಏನೇನು ಕೈಕೊಡಬಹುದು ಎಂಬುದನ್ನೇ ಮೊದಲಿಟ್ಟುಕೊಂಡು ಈ ಸಲದ ವಿನ್ಯಾಸ ಮಾಡಿದ್ದೇವೆ ಎಂದರು. 500 ಮೀಟರ್ ಉದ್ದಗಲದ ಇಳಿದಾಣ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಎದ್ದ ಚಪ್ಪಾಳೆಯನ್ನು ದೇಶವೇ ಕೇಳಿತು. ಆ ಚಪ್ಪಾಳೆಯ ಹಿಂದೆ, ತಾವು ಮಾಡಿದ ಲೆಕ್ಕ ಎಲ್ಲಿ ತಪ್ಪಿತೆಂದು ಸಭೆಯಲ್ಲಿ ಹೇಳಬಲ್ಲ ನೂರಾರು ಎಂಜಿನಿಯರುಗಳಿದ್ದರು.

ಭಾಗವತರ ತಾಳ

ವಿಮಾನ, ರಾಕೆಟ್ ಎಂದರೆ ದೂರದ ಮಾತಾಯಿತು ಎನ್ನುವವರು ಕರಾವಳಿಯ ಯಾವುದಾದರೂ ಬಯಲಿನಲ್ಲಿ ಒಂದು ರಾತ್ರಿ ಯಕ್ಷಗಾನ ನೋಡಬೇಕು. ಬಡಗುತಿಟ್ಟಿನ ಆಟ. ರಂಗಸ್ಥಳದ ಹಿಂಬದಿಯಲ್ಲಿ ಮುಂಡಾಸು ಕಟ್ಟಿ, ಕೈಯಲ್ಲಿ ತಾಳ ಹಿಡಿದು ಕೂತವರು ಭಾಗವತರು. ಪಕ್ಕದಲ್ಲಿ ಮದ್ದಳೆ, ಅತ್ತ ಚೆಂಡೆ. ಬೆಳಕೆಲ್ಲ ಕಿರೀಟ, ಭುಜಕೀರ್ತಿ ತೊಟ್ಟ ವೇಷಗಳ ಮೇಲೆ. ಜನ ನೋಡುವುದೂ ಅವರನ್ನೇ. ಆಟ ನಡೆಸುವವರು ಮಾತ್ರ ಹಿಂದೆ ಕೂತವರು. ಯಾರಿಗೆ ಯಾವ ಪಾತ್ರ ಎಂದು ಹಂಚುವುದು, ಯಾವ ಪದ್ಯ ಹಾಡುವುದು ಯಾವುದನ್ನು ಬಿಡುವುದು, ಬೆಳಗಾಗುವ ಹೊತ್ತಿಗೆ ಮಂಗಳ ಹಾಡುವಂತೆ ಪ್ರಸಂಗವನ್ನು ಎಳೆಯುವುದು ಎಲ್ಲ ಅವರದೇ.

ಯಕ್ಷಗಾನದಲ್ಲಿ ಪದ್ಯ ಬರೆದಿಟ್ಟದ್ದು, ಅರ್ಥ ಆಶು. ವೇಷಧಾರಿಗೆ ಮಾತಿನ ಪೂರ್ತಿ ಸ್ವಾತಂತ್ರ್ಯವಿದೆ. ಅದೇ ಅದರ ಸೊಬಗು, ಅದೇ ಅದರ ಅಪಾಯ. ಉತ್ಸಾಹ ಬಂದು ಒಬ್ಬರು ಅರ್ಥವನ್ನು ಎಳೆಯುತ್ತ ಹೋದರೆ ಎದುರು ವೇಷ ಸುಮ್ಮನೆ ನಿಲ್ಲಬೇಕಾಗುತ್ತದೆ, ಪ್ರೇಕ್ಷಕರು ಚಹಾ ಅಂಗಡಿ ಕಡೆ ಸರಿಯುತ್ತಾರೆ. ಆಗ ಒಳ್ಳೆಯ ಭಾಗವತರು ಏನು ಮಾಡುತ್ತಾರೆ ನೋಡಿ. ಬೈಯುವುದಿಲ್ಲ, ಸನ್ನೆ ಮಾಡಿ ನಿಲ್ಲಿಸುವುದೂ ಇಲ್ಲ. ಮಾತಿನ ನಡುವೆ ಒಂದು ಉಸಿರಿನ ಬಿಡುವು ಸಿಕ್ಕೊಡನೆ ತಾಳ ತಟ್ಟಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಮದ್ದಳೆಯವರ ಕೈ ಆ ಕ್ಷಣಕ್ಕೇ ಅದರ ಜೊತೆ ಬೀಳುತ್ತದೆ. ವೇಷಧಾರಿ ಕುಣಿತಕ್ಕೆ ತಿರುಗುತ್ತಾರೆ. ನೋಡುವವರಿಗೆ ಅಲ್ಲೊಂದು ತಿದ್ದುಪಡಿ ನಡೆಯಿತೆಂದೇ ತಿಳಿಯುವುದಿಲ್ಲ, ವೇಷಧಾರಿಯ ಮಾನವೂ ಉಳಿಯುತ್ತದೆ.

ಇನ್ನೊಂದು ದಿಕ್ಕಿನಿಂದಲೂ ಇದು ನಡೆಯುತ್ತದೆ. ಕುಣಿಯುತ್ತಿರುವ ವೇಷಧಾರಿಗೆ ಈ ಪದ್ಯ ಇನ್ನೊಂದು ಆವರ್ತ ಬೇಕೆನಿಸಿದರೆ ಹೆಜ್ಜೆಯಲ್ಲೇ ಅದನ್ನು ತೋರಿಸುತ್ತಾರೆ; ದಣಿದು ಮುಗಿಸಬೇಕೆನಿಸಿದರೂ ಹೆಜ್ಜೆಯೇ ಹೇಳುತ್ತದೆ. ಭಾಗವತರ ಕಣ್ಣು ಆ ಕಾಲಿನ ಮೇಲಿರುತ್ತದೆ. ನಿನ್ನೆ ಮೊನ್ನೆ ಮೇಳ ಸೇರಿ ಬಾಲಗೋಪಾಲ ವೇಷ ಕಟ್ಟುವ ಹುಡುಗನ ಹೆಜ್ಜೆಯನ್ನೂ ಅವರು ಹೀಗೆಯೇ ನೋಡಬೇಕು, ಇಲ್ಲದಿದ್ದರೆ ಹುಡುಗ ಮುಗ್ಗರಿಸುತ್ತಾನೆ. ಆಳುವವರು ಆಳಿಸಿಕೊಳ್ಳುವವರ ಕಾಲನ್ನು ಇಷ್ಟು ಹತ್ತಿರದಿಂದ ನೋಡುವ ವ್ಯವಸ್ಥೆ ಬೇರೆಲ್ಲಿದೆ? ತಂಡದ ಮಾತುಕತೆಗೆ ಪ್ರತಿ ಸಲವೂ ಸಭೆ ಬೇಕಿಲ್ಲ. ಜೊತೆಗೆ ಕೆಲಸ ಮಾಡಿ ಮಾಡಿ ಪಳಗಿದವರ ನಡುವೆ ಅದು ಕೆಲಸದೊಳಗೇ ನಡೆಯುತ್ತದೆ. ಮೇಲಿನವರ ಕಣ್ಣು ಕೆಳಗಿರಬೇಕು, ಅಷ್ಟೆ.

ಭಾಗವತರ ಹಾಗೆ ಹಿಂದೆ ಕೂರುವ ಅನುಕೂಲ ಎಲ್ಲ ನಾಯಕರಿಗೂ ಇರುವುದಿಲ್ಲ. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದ ಬಾಂಬೆ ತಂಡದ ಓಟವನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ನಿಲ್ಲಿಸಿದ ಕರ್ನಾಟಕದ ನಾಯಕ ಎರಪಳ್ಳಿ ಪ್ರಸನ್ನ ತಾವೇ ದೊಡ್ಡ ಸ್ಪಿನ್ನರ್. ತಂಡದಲ್ಲಿ ಬಿ.ಎಸ್. ಚಂದ್ರಶೇಖರ್ ಕೂಡ ಇದ್ದರು. ಬೌಲರ್ ನಾಯಕನಾದರೆ ಪ್ರತಿ ಓವರಿಗೂ ಒಂದು ಪರೀಕ್ಷೆ: ಚೆಂಡು ತನಗೋ ಇನ್ನೊಬ್ಬನಿಗೋ? ಜನರ ನೆನಪಿನಲ್ಲಿ ಉಳಿದದ್ದು ಆ ಪಂದ್ಯದ ಜಿ.ಆರ್. ವಿಶ್ವನಾಥ್ ಅವರ 162, ಬ್ರಿಜೇಶ್ ಪಟೇಲ್ ಅವರ ಶತಕ. ಚೆಂಡು ಹಂಚುವಾಗ ನಾಯಕರು ತೋರಿದ ವಿವೇಕವನ್ನು ಸ್ಕೋರ್ ಬೋರ್ಡ್ ದಾಖಲಿಸುವುದಿಲ್ಲ. ಅಲ್ಲಿಂದ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ತಂದಿತು.

ಕಣಗಿನಹಾಳದಿಂದ ಚಾಪೆಯವರೆಗೆ

ತಂಡ ಎಂದರೆ ಏನೆಂದು ಕೇಳಿದರೆ ನಾನು ಗದಗ ತಾಲ್ಲೂಕಿನ ಕಣಗಿನಹಾಳದ ಕಡೆ ಬೆರಳು ತೋರಿಸುತ್ತೇನೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಎಂದು ಹೆಸರಾಗಿದೆ. ಅದರ ಹಿಂದಿನ ವರ್ಷ ಬಂದ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳಿಗೆ ಒಂದು ಬಿಗಿ ನಿಯಮವಿತ್ತು: ಸದಸ್ಯರ ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನೂ ತನ್ನ ಆಸ್ತಿಯ ಮಟ್ಟಿಗೂ ಹೊಣೆ. ಇಷ್ಟು ದೊಡ್ಡ ಹೊಣೆ ಹೊರಲು ಹಳ್ಳಿಯ ರೈತರನ್ನು ಒಪ್ಪಿಸಬೇಕಾದರೆ ಮುಂದಾಳಿನ ಮಾತಿಗೆ ಎಂಥ ತೂಕ ಇದ್ದಿರಬೇಕು! ಈ ನಿಯಮ ಇನ್ನೊಂದನ್ನೂ ಮಾಡಿತು. ಪಕ್ಕದ ಹೊಲದವನ ಸಾಲ ನನ್ನ ಸಾಲವೂ ಆದಾಗ ಅವನ ಬಿತ್ತನೆ, ಅವನ ಬೆಳೆ, ಅವನ ಖರ್ಚಿನ ಬಗ್ಗೆ ಕೇಳುವ ಹಕ್ಕು ನನಗೆ ಬರುತ್ತದೆ. ಹೊಣೆ ಹಂಚಿಕೊಂಡವರಿಗೆ ಪ್ರಶ್ನಿಸುವ ಅಧಿಕಾರ ತಾನಾಗಿ ದಕ್ಕುತ್ತದೆ.

ಆದರೆ ಸಂಘ ದೊಡ್ಡದಾದಂತೆ ಈ ಹಕ್ಕು ಸವೆಯುತ್ತದೆ. 1980ರ ದಶಕದ ನಡುವಿನಲ್ಲಿ ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಬೆಂಬಲಿಸುತ್ತಿದ್ದ, ಸುಮಾರು ನೂರು ನೂರು ಸದಸ್ಯರ ಸಹಕಾರ ಸಂಘಗಳು ಒಡೆದವು. ಸದಸ್ಯರು ಸಾಲ ತೀರಿಸಲು ಸಿದ್ಧರಿದ್ದರು, ಆದರೆ ಸಂಘಕ್ಕಲ್ಲ, ನೇರವಾಗಿ ಮೈರಾಡಾಕ್ಕೆ ಕೊಡುತ್ತೇವೆ ಎಂದರು. ಸಂಘ ಒಬ್ಬಿಬ್ಬರು ಪ್ರಬಲರ ಮುಷ್ಟಿಯಲ್ಲಿತ್ತು, ಅವರ ಮೇಲೆ ಇವರಿಗೆ ನಂಬಿಕೆ ಹೋಗಿತ್ತು. ಹಾಗೆ ಹೊರಬಂದವರು ತಮ್ಮೊಳಗೆ ವಿಶ್ವಾಸವಿದ್ದ ಹತ್ತಿಪ್ಪತ್ತು ಜನರ ಚಿಕ್ಕ ಗುಂಪುಗಳಾದರು. ಮೈರಾಡಾ ಆ ಒಡಕನ್ನು ಸೋಲೆಂದು ಬರೆದಿಡದೆ ಅದರಲ್ಲೇ ಹೊಸ ದಾರಿ ಕಂಡಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇವತ್ತು ದೇಶದುದ್ದಕ್ಕೂ ಹರಡಿರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಒಂದು ಇಲ್ಲಿದೆ.

ಅಂಥ ಒಂದು ಸಂಘದ ವಾರದ ಸಭೆಯಲ್ಲಿ ಈ ವರ್ಷ ಕೂತಿದ್ದೆ, ಗದಗ ಸೀಮೆಯ ಹಳ್ಳಿಯೊಂದರ ಗುಡಿಯ ಕಟ್ಟೆಯ ಮೇಲೆ. ಚಾಪೆಯ ಮೇಲೆ ದುಂಡಗೆ ಹೆಂಗಸರು, ನಡುವೆ ಪಾಸ್‌ಬುಕ್ಕುಗಳು, ನಡಾವಳಿ ಪುಸ್ತಕ, ಒಂದು ಪೆನ್ನು. ಸಂಘದ ಹಿರಿಯರೊಬ್ಬರು ಎಮ್ಮೆ ಕೊಳ್ಳಲು ಸಾಲ ಕೇಳಿದರು. ಪ್ರತಿನಿಧಿಯಾಗಿ ಹಿಂದೆ ಎರಡು ಅವಧಿ ದುಡಿದವರು. ಬೇಡ ಎನ್ನುವವರು ಇರಲಾರರು ಅನಿಸಿತ್ತು. ಸೊಸೆಯ ವಯಸ್ಸಿನವಳೊಬ್ಬಳು ಸೆರಗು ಸರಿಮಾಡಿಕೊಂಡು ಕೇಳಿದಳು: ‘ಅಕ್ಕಾರ, ಎಮ್ಮಿ ತರ್ತೀರಿ ಖರೆ. ಬ್ಯಾಸಗ್ಯಾಗ ಮೇವು ಎಲ್ಲಿಂದ ತರ್ತೀರಿ?’

ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದವಾ, ನೀ ಹೇಳೂದು ಬರೋಬರಿ ಐತಿ. ಬಿಳಿಜ್ವಾಳದ ಕಣಿಕಿ ಮನಿಗೆ ಬರಲಿ, ಆಮ್ಯಾಲೆ ತಗೋತೀನಿ’ ಎಂದರು.

ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದರು, ಓದಿ ಹೇಳಿದರು, ಮುಂದಿನ ವಿಷಯಕ್ಕೆ ಹೋದರು. ಯಾರ ಮುಖವೂ ಬಾಡಲಿಲ್ಲ. ಟೆನೆರಿಫ್‌ನ ಕಾಕ್‌ಪಿಟ್ಟಿನಲ್ಲಿ ಆಗಬೇಕಿದ್ದದ್ದು ಇದೇ. ಅಂದು ಅಲ್ಲಿ ಸಾಧ್ಯವಾಗದ್ದು ಇಲ್ಲಿ ಸಾಧ್ಯವಾದದ್ದಕ್ಕೆ ಕಾರಣಗಳಿವೆ. ಎಲ್ಲರ ದುಡ್ಡೂ ಸಂಘದಲ್ಲಿದೆ, ಪ್ರತಿನಿಧಿಯ ಸ್ಥಾನ ಸರದಿಯ ಮೇಲೆ ತಿರುಗುತ್ತದೆ, ಚಾಪೆಗೆ ತಲೆದೆಸೆ ಕಾಲ್ದೆಸೆಗಳಿಲ್ಲ. ಆ ಹುಡುಗಿಯ ಧೈರ್ಯ ಅವಳೊಬ್ಬಳದಲ್ಲ. ವಾರ ವಾರ ನಡೆದು ಬಂದ ಕಟ್ಟುಪಾಡು ಅದನ್ನು ಬೆಳೆಸಿದೆ.

ನಮ್ಮ ಕಚೇರಿಗಳಿಗೆ

ಈ ಎಲ್ಲ ಓದಿನ ಬೆಳಕಿನಲ್ಲಿ ನಮ್ಮ ಕಚೇರಿ, ಶಾಲೆ, ಕಾರ್ಖಾನೆಗಳ ಸಭೆಗಳನ್ನು ನೆನೆದರೆ ಸಂಕಟವಾಗುತ್ತದೆ. ಸಾಹೇಬರು ಮೊದಲು ಮಾತಾಡುತ್ತಾರೆ. ತಮ್ಮ ಅಭಿಪ್ರಾಯ ಹೇಳಿ, ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳುತ್ತಾರೆ. ‘ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಕಾಫಿ ಹಿಡಿದಾಗ, ಒಳಗೆ ಹೇಳದೆ ಬಿಟ್ಟದ್ದೆಲ್ಲ ಆಚೆ ಬರುತ್ತದೆ. ಸಂಸ್ಥೆಗೆ ಬೇಕಾಗಿದ್ದ ತಿಳಿವಳಿಕೆ ಸಂಸ್ಥೆಯೊಳಗೇ ಇತ್ತು, ಹತ್ತು ಮಾರು ದೂರದಲ್ಲಿ. ಹಿರಿಯರಿಗೆ ಎದುರಾಡಬಾರದು ಎಂಬುದು ನಮ್ಮ ಸಂಸ್ಕಾರ ಎಂದು ಇದಕ್ಕೆ ಸಮಜಾಯಿಷಿ ಕೊಡುವವರಿದ್ದಾರೆ. ಗದಗಿನ ಆ ಹುಡುಗಿ ‘ಅಕ್ಕಾರ’ ಎಂದು ಗೌರವದಿಂದಲೇ ಮಾತು ಶುರುಮಾಡಿದಳು. ಗೌರವಕ್ಕೂ ಪ್ರಶ್ನೆಗೂ ಜಗಳವಿಲ್ಲ.

ಶಿಸ್ತಿಗೆ ಹೆಸರಾದ ಸೈನ್ಯದಿಂದಲೇ ಒಂದು ಪಾಠ ಕಲಿಯಬಹುದು. ನಮ್ಮ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ನಿರ್ಧರಿಸುವಾಗ ಸದಸ್ಯರು ಒಬ್ಬೊಬ್ಬರಾಗಿ ಬಾಯಿಮಾತಿನಲ್ಲಿ ಅಭಿಪ್ರಾಯ ಕೊಡುತ್ತಾರೆ. ಶುರುವಾಗುವುದು ದರ್ಜೆಯಲ್ಲಿ ಅತಿ ಕಿರಿಯರಾದವರಿಂದ. ಕರ್ನಲ್ ಮಾತಾಡಿದ ಮೇಲೆ ಕ್ಯಾಪ್ಟನ್ ಬೇರೆ ಮಾತು ಹೇಳಲಾರ ಎಂಬ ಮನುಷ್ಯಸ್ವಭಾವವನ್ನು ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಮಾಡಿದ ನಿಯಮ ಇದು. ಆಜ್ಞೆ ಪಾಲಿಸುವುದನ್ನೇ ಉಸಿರಾಗಿಸಿಕೊಂಡ ಸಂಸ್ಥೆಗೆ ಇದು ಸಾಧ್ಯವಾದರೆ ತಾಲ್ಲೂಕು ಕಚೇರಿಗೆ, ಕಾಲೇಜಿನ ಸ್ಟಾಫ್ ರೂಮಿಗೆ, ಸಾಫ್ಟ್‌ವೇರ್ ಕಂಪನಿಗೆ ಯಾಕೆ ಸಾಧ್ಯವಾಗಬಾರದು?

ಇದಕ್ಕೆ ದೊಡ್ಡ ತರಬೇತಿ, ಹೋಟೆಲ್ಲಿನ ಕಾರ್ಯಾಗಾರ ಬೇಕಿಲ್ಲ. ಕಿರಿಯರಿಂದ ಮಾತು ಶುರುಮಾಡುವುದು, ಹೆಸರು ಹಿಡಿದು ಕರೆಯುವುದು, ಕೆಟ್ಟ ಸುದ್ದಿ ತಂದವರ ಮೇಲೆ ರೇಗದಿರುವುದು, ಸೋತಾಗ ಹೊರಗಿನವರಿಗೆ ತಾನು ಉತ್ತರಿಸುವುದು, ಎತ್ತಿದ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸುವುದು. ಇಷ್ಟು ಸಾಕು. ಇವು ಒಂದು ದಿನದ ಶೌರ್ಯದ ಕೆಲಸಗಳಲ್ಲ, ದಿನಾ ಮಾಡುವ ಸಣ್ಣ ಕೆಲಸಗಳು. ದಿನಾ ಮಾಡಿದಾಗ ರೂಢಿಯಾಗುತ್ತದೆ, ರೂಢಿಯಾದದ್ದು ನಾಯಕರು ಬದಲಾದರೂ ಉಳಿಯುತ್ತದೆ. ಧವನ್ 1984ರಲ್ಲಿ ಇಸ್ರೊ ಬಿಟ್ಟರು. ಸೋಲನ್ನು ಬಿಡಿಸಿ ನೋಡುವ ರೂಢಿ ಬಿಟ್ಟುಹೋಗಲಿಲ್ಲ.

ಸೋಮವಾರ ಹಲವು ಕಚೇರಿಗಳಲ್ಲಿ ವಾರದ ಸಭೆಯ ದಿನ. ನೀವು ಆ ಸಭೆ ನಡೆಸುವವರಾದರೆ, ಕೊನೆಯ ಸಾಲಿನಲ್ಲಿ ಕೂತವರನ್ನು ಹೆಸರು ಹಿಡಿದು ಕರೆದು ಮೊದಲ ಮಾತು ಅವರಿಗೆ ಕೊಡಿ. ಹೇಳಿದ್ದನ್ನು ಬರೆದುಕೊಳ್ಳಿ. ಒಪ್ಪಿದರೆ ಜಾರಿಗೆ ತನ್ನಿ, ಒಪ್ಪದಿದ್ದರೆ ಯಾಕೆಂದು ಮುಂದಿನ ಸೋಮವಾರದೊಳಗೆ ಅವರಿಗೇ ತಿಳಿಸಿ. ಕೊನೆಯ ಸಾಲಿನಲ್ಲಿ ಕೂರುವವರು ನೀವೇ ಆಗಿದ್ದರೆ, ಕ್ಯಾಂಟೀನಿನಲ್ಲಿ ಆಡಲು ಇಟ್ಟುಕೊಂಡ ಮಾತನ್ನು ಸಭೆಯಲ್ಲೇ ಆಡಿ. ಉತ್ತರ ಸಮಾಧಾನ ತರದಿದ್ದರೆ ಇನ್ನೊಮ್ಮೆ ಆಡಿ.